ತಿರುವಿನ ಹಾರ್ನ್

ಭಾನುವಾರ ಬಂತೆಂದರೆ ಇಬ್ಬರೂ ಕ್ಯಾಮೆರಾ ಹೆಗಲಿಗೇರಿಸಿ ಕೆರೆಗೆ ಹೊರಡುತ್ತಿದ್ದರು. ಪರಶಿವನಿಗೆ ಕೊಕ್ಕರೆಗಳ ಹುಚ್ಚು. ಸಿರಿಲ್‌ಗೆ ಕೆರೆ ಏರಿಯ ಮೇಲೆ ಓಡುವ ರೈಲುಗಳ ಹುಚ್ಚು. ಮನುಷ್ಯರ ಕೂಗಿಗೆ ಕದಲದ ಕೊಕ್ಕರೆಗಳು ತಿರುವಿನಲ್ಲಿ ರೈಲಿನ ಹಾರ್ನ್ ಕೇಳಿದ್ದೇ ತಡ, ಪುರ್ರೆಂದು ಹಾರಿಹೋಗುತ್ತಿದ್ದವು. ಪರಶಿವ ಹಟ ಹಿಡಿದು ಕಚೇರಿ ಕಚೇರಿ ಅಲೆದು, ಹಕ್ಕಿಗಳ ಸಲುವಾಗಿ ಆ ಹಾರ್ನ್ ನಿಲ್ಲಿಸುವಂತೆ ರೈಲ್ವೆಯಿಂದ ಆದೇಶ ಮಾಡಿಸಿದ್ದ. ಇವತ್ತಿನಿಂದಲೇ ಜಾರಿ. ಗೆಳೆಯ ಬೆರಗಾಗಲೆಂದು ಅವನೆದುರು ಬಾಯಿ ಬಿಟ್ಟಿರಲಿಲ್ಲ.

ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದ ಪರಶಿವನನ್ನು ಸಿರಿಲ್ ಏರಿಯ ಮೇಲಿನಿಂದ ಕೂಗಿದ.

"ಇಷ್ಟು ವರ್ಷ ಆದ್ರೂ ನಿಂದೇ ಒಂದು ಫೋಟೋ ಇಲ್ವಲ್ಲೋ! ಈ ಕಡೆ ತಿರುಗು, ಹಕ್ಕಿಗಳ ಜೊತೆ ತೆಗೀತೀನಿ."

ಪರಶಿವ ತಿರುಗಿ ನೋಡಿದ. ಸಿರಿಲ್ ತಿರುವಿಗೆ ಬೆನ್ನು ಹಾಕಿ, ಹಳಿಗಳ ನಡುವೆ ಮಂಡಿಯೂರಿ, ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದ.

"ಮೊದ್ಲು ಇಳಿಯೋ, ಗಾಡಿ ಬರೋ ಹೊತ್ತಾಯ್ತು!"

"ಹಾರ್ನ್ ಹೊಡೀತಾನಲ್ಲ, ಆಗ ಇಳಿದ್ರಾಯ್ತು. ಎಲ್ಲಿ, ಸ್ವಲ್ಪ ನಗು."

ಪರಶಿವ ಬಾಯಿ ತೆರೆಯುವಷ್ಟರಲ್ಲಿ ಸದ್ದು ಕಡಿಮೆಯ ಕರೆಂಟಿನ ಗಾಡಿ ತಿರುವು ದಾಟಿ ನುಗ್ಗಿತು.

ನೀರಿನಲ್ಲಿದ್ದ ಒಂದು ಕೊಕ್ಕರೆಯೂ ಹಾರಲಿಲ್ಲ.