ಮೂರಿಂಚಿನ ಗಾಜು

ಕುರ್ಚಿ ಖಾಲಿಯಿತ್ತು.

ಎಂಜಿನಿಯರು ದುರ್ಬೀನಿನಿಂದ ಕಣ್ಣು ತೆಗೆದು, ಉಜ್ಜಿಕೊಂಡು, ಮತ್ತೆ ಇಟ್ಟ. ಬೆಟ್ಟದ ಮೇಲಿನ ಪಂಪ್‌ಹೌಸಿನಿಂದ ನೋಡಿದರೆ ಊರೆಂಬುದು ಯಾರೋ ಬೆಂಕಿಪೊಟ್ಟಣಗಳನ್ನು ಸುರಿದ ಹಾಗಿತ್ತು. ಅದರಲ್ಲೊಂದು ಪೊಟ್ಟಣದ ಎರಡನೇ ಮಹಡಿ, ಸರಳು ಹಾಕಿದ ಕಿಟಕಿ, ಕಿಟಕಿಯ ಪಕ್ಕ ಬೆತ್ತದ ಕುರ್ಚಿ. ಬೆಳಗಿನಿಂದ ಅಲ್ಲಿ ಅವನ ಹೆಂಡತಿ ಕೂತಿದ್ದಳು. ಈಗಿಲ್ಲ.

ಅಮ್ಮನ ಮೊಬೈಲಿಗೆ ಫೋನು ಮಾಡಿದ. ಹೆಂಡತಿಗೆ ಮೊಬೈಲು ಇರಲಿಲ್ಲ. ಮನೆಯಲ್ಲೇ ಇರುವವಳಿಗೆ ಅದೇಕೆ?

"ಎಲ್ಲಮ್ಮಾ ಅವಳು?"

"ಬಚ್ಚಲಲ್ಲಿದ್ದಾಳೆ ಕಣೋ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

"ಬಂದ ಕೂಡ್ಲೇ ಕೂತ್ಕೊಳ್ಳೋಕೆ ಹೇಳು."

"ಹೇಳ್ತೀನಿ. ಶೀತ ಆಗಿದೆ, ತಲೆಗೆ ಶಾಲು ಹೊದ್ಕೋ ಅಂದಿದೀನಿ."

ಸ್ವಲ್ಪ ಹೊತ್ತಿಗೆ ಹೆಂಡತಿಯ ಹಳದಿ ಶಾಲು ಕಿಟಕಿಗೆ ಬಂದಿತು. ಕೂತಿತು. ಬೆನ್ನು ಈ ಕಡೆಗೆ. ಬೆಳಿಗ್ಗೆ ತನ್ನಕ್ಕನ ಮನೆಗೆ ಹೋಗಿ ಬರುತ್ತೇನೆಂದು ಕೇಳಿದ್ದಳು, ಬೇಡ ಅಂದಿದ್ದ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇರಲಿ, ಮುನಿಸಿಕೊಂಡರೂ ಕಣ್ಣೆದುರಿಗೇ ಮುನಿಸಿಕೊಳ್ಳಲಿ.

ಜೀವ ಹಗುರಾಯಿತು. ದುರ್ಬೀನಿನ ಬಿಳಿ ಕೊಳವೆಯನ್ನು ಮೆಲ್ಲಗೆ ಸವರಿದ. ತೊಡೆಯ ಮೇಲೆ ಮಲಗಿಸಿಕೊಳ್ಳುವಷ್ಟು ಚಿಕ್ಕದು. ಮೂರೇ ಇಂಚಿನ ಗಾಜು, ಆದರೆ ಎಂಥ ಗಾಜು! ಒಂದರ ಹಿಂದೊಂದು ಮೂರು ಮಸೂರ. ಅಗ್ಗದ ದುರ್ಬೀನುಗಳಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣ ಕದಡುತ್ತದೆ, ಇದರಲ್ಲಿ ಚಾಕುವಿನಿಂದ ಕೊಯ್ದಂತೆ ಕಾಣುತ್ತದೆ. ಫೋಕಸ್ಸಿನ ಗುಬಟು ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗುತ್ತದೆ. ಇದಕ್ಕಿಂತ ಮೊದಲು ಇಂಥವೇ ಎರಡು ಕೊಂಡಿದ್ದ. ಇವನ್ನು ಹೆಂಡತಿ ಒರೆಸುವಂತಿರಲಿಲ್ಲ, ಮುಟ್ಟುವಂತಿರಲಿಲ್ಲ.

ಒಮ್ಮೆ ಮಾತ್ರ, ಮದುವೆಯಾದ ಹೊಸತರಲ್ಲಿ, ಚಂದ್ರನನ್ನು ತೋರಿಸಿದ್ದ. ಬಹಳ ಹೊತ್ತು ನೋಡಿ, "ಅಲ್ಲಿ ಯಾರೂ ಇಲ್ಲ ಅಲ್ವಾ?" ಅಂದಿದ್ದಳು. ದನಿಯಲ್ಲಿ ಏನೋ ಆಸೆಯಿತ್ತು. ಇನ್ನೊಮ್ಮೆ ಅವಳನ್ನೂ ಅಮ್ಮನನ್ನೂ ಪಂಪ್‌ಹೌಸಿಗೆ ಕರೆತಂದು ತಮ್ಮ ಮನೆಯ ಕಿಟಕಿಯನ್ನು ತೋರಿಸಿದ್ದ. ಹೆಂಡತಿ ಕಣ್ಣಿಟ್ಟವಳು ಬೆಚ್ಚಿ ಹಿಂದೆ ಸರಿದಿದ್ದಳು. ಖಾಲಿ ಕುರ್ಚಿ, ಅದರ ಮೇಲೆ ಅವಳು ಬಿಟ್ಟುಬಂದ ಹೆಣಿಗೆ, ಎಲ್ಲವೂ ಕೈಗೆಟುಕುವಂತಿತ್ತು. ಆವತ್ತಿನಿಂದ ಅವಳ ಮಾತು ಕಡಿಮೆಯಾಯಿತು. ಅಮ್ಮನೇ ಕುತೂಹಲದಿಂದ ಕೇಳಿದ್ದಳು:

"ಇಷ್ಟು ದೂರದಿಂದ ಮುಖಾನೂ ಗೊತ್ತಾಗುತ್ತೇನೋ?"

"ಬೆಳಿಗ್ಗೆ ಮೂಗುಬೊಟ್ಟೂ ಕಾಣುತ್ತಮ್ಮ. ಬಿಸಿಲೇರಿದ ಮೇಲೆ ಗಾಳಿ ಕುದಿಯುತ್ತಲ್ಲ, ಆಗ ಬರೀ ಆಕಾರ."

"ಓ," ಅಂದಿದ್ದಳು ಅಮ್ಮ.

ಅಮ್ಮನಿಗೆ ಇದೆಲ್ಲ ಹೊಸದೇನಲ್ಲ. ಅವಳು ನೀರಿಗೆ ಹೋದರೆ ಅಪ್ಪ ಬೀದಿಯ ತುದಿಯಲ್ಲಿ ನಿಂತಿರುತ್ತಿದ್ದ. ಅಮ್ಮ ಒಂದು ದಿನವೂ ತುಟಿ ಪಿಟ್ಟೆನ್ನಲಿಲ್ಲ. ಹೆಂಡತಿಯನ್ನು ಹೀಗೆ ಪ್ರೀತಿಸಬೇಕೆಂದು ಮಗ ಕಲಿತದ್ದೇ ಅಲ್ಲಿ. ಅದಕ್ಕೇ ಮನೆಯ ಬೀಗದ ಇನ್ನೊಂದು ಕೀಲಿಯನ್ನು ಅಮ್ಮನಿಗೇ ಕೊಟ್ಟಿದ್ದ. ಹೆತ್ತವಳನ್ನು ನಂಬದೆ ಇನ್ನಾರನ್ನು ನಂಬುವುದು?

ಮೀಟರ್ ಓದುವವನು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದ.

"ಹಗಲಲ್ಲೂ ನಕ್ಷತ್ರ ಕಾಣುತ್ತಾ ಸಾರ್?"

"ನನ್ನದು ಕಾಣುತ್ತೆ," ಎಂದು ನಕ್ಕ ಎಂಜಿನಿಯರು.

ಊಟವಾದ ಮೇಲೆ ಮತ್ತೆ ಕಣ್ಣಿಟ್ಟ. ಕಾದ ಛಾವಣಿಗಳ ಮೇಲೆ ಗಾಳಿ ನೀರಿನಂತೆ ತೊನೆಯುತ್ತಿತ್ತು, ಕಿಟಕಿಯ ಸರಳುಗಳು ಹಾವುಗಳಂತೆ ಹೊರಳುತ್ತಿದ್ದವು. ಶಾಲು ಅಲ್ಲಾಡಲಿಲ್ಲ. ಇಷ್ಟು ಹೊತ್ತು ಯಾರಾದರೂ ಹೀಗೆ ಕೂರುತ್ತಾರೆಯೇ? ಒಳಗೆ ದಿಂಬು ತುರುಕಿಟ್ಟಿದ್ದರೆ? ಕಣ್ಣು ಕೀಳದೆಯೇ ಫೋನು ಮಾಡಿದ.

"ಅಮ್ಮಾ, ಅವಳು ಕುರ್ಚಿಯಲ್ಲಿ ಇದ್ದಾಳಾ?"

"ಕೆನ್ನೆಗೆ ಕೈಕೊಟ್ಕೊಂಡು ಕೂತಿದ್ದಾಳೆ. ನಿನಗೇ ಕಾಣ್ತಿಲ್ವಾ?"

ಕಾಣುತ್ತಿತ್ತು. ಶಾಲಿನೊಳಗೆ ಕೈ ಮಡಚಿ ಕೆನ್ನೆಗೆ ಒತ್ತಿಕೊಂಡಿದ್ದಳು.

"ಈ ಕಡೆ ತಿರುಗೋಕೆ ಹೇಳು."

"ಅತ್ತು ಅತ್ತು ಮುಖ ಊದಿಕೊಂಡಿದೆ, ತಿರುಗಲ್ವಂತೆ. ಕೈ ಎತ್ತಿಸ್ಲಾ?"

"ಎತ್ತಿಸು."

"ಏ ಹುಡುಗಿ, ಕೈ ಎತ್ತಮ್ಮ. ನಿನ್ನ ಗಂಡ ನೋಡ್ಬೇಕಂತೆ."

ಶಾಲಿನ ಇನ್ನೊಂದು ಬದಿಯಿಂದ ಕೈಯೊಂದು ಮೇಲೆದ್ದು, ಗಾಳಿಯಲ್ಲಿ ನಡುಗಿ, ಇಳಿಯಿತು. ಎಂಜಿನಿಯರಿಗೆ ತನ್ನ ಮೇಲೇ ನಾಚಿಕೆಯಾಯಿತು. ಪಾಪ, ಜ್ವರವೋ ಏನೋ. ನಾಳೆ ಅಕ್ಕನ ಮನೆಗೆ ತಾನೇ ಕರೆದುಕೊಂಡು ಹೋಗಿ, ಹೊರಗೆ ಕಾದು ನಿಂತು, ಕರೆತಂದರಾಯಿತು. ಅಷ್ಟು ದೊಡ್ಡ ಮನಸ್ಸು ತನಗಿದೆ ಎನಿಸಿ ಕಣ್ಣು ತೇವವಾಯಿತು.

ಹೊತ್ತು ಇಳಿದ ಮೇಲೆ ದುರ್ಬೀನನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಮಲಗಿಸಿ ಮನೆಗೆ ಹೊರಟ. ಮೆಟ್ಟಿಲು ಹತ್ತಿದ. ಬೆಳಿಗ್ಗೆ ತಾನು ಹಾಕಿದ ಬೀಗ ಹಾಗೆಯೇ ಇತ್ತು. ತೆಗೆದು ಒಳಗೆ ಹೋದ. ದೀಪ ಹಚ್ಚಿರಲಿಲ್ಲ. ಕಿಟಕಿಯ ಬಳಿ ಕುರ್ಚಿ, ಕುರ್ಚಿಯಲ್ಲಿ ಹಳದಿ ಶಾಲು.

"ಇನ್ನೂ ಸಿಟ್ಟಾ?" ಮೆಲ್ಲಗೆ ಕೇಳಿದ. "ನಾಳೆ ನಿಮ್ಮಕ್ಕನ ಮನೆಗೆ ಹೋಗೋಣ, ಆಯ್ತಾ? ಅಮ್ಮ ಎಲ್ಲಿ?"

"ಇಲ್ಲೇ ಇದೀನಲ್ಲೋ," ಎಂದು ಅಮ್ಮ ಶಾಲನ್ನು ತಲೆಯಿಂದ ಜಾರಿಸಿ ಅವನ ಕಡೆ ತಿರುಗಿದಳು. "ಅವಳ ಬಸ್ಸು ಮಧ್ಯಾಹ್ನವೇ ಹೊರಟ್ಹೋಯ್ತು. ಎಲ್ಲಿ, ತೆಗಿ ನಿನ್ನ ದುರ್ಬೀನು, ಕಾಣ್ತಾಳೇನೋ ನೋಡು."