ಮಂಜೂರಾತಿಗೊಂದು ಅಪಘಾತ

ಮೀಟಿಂಗ್ ರೂಮಿನ ಹೊರಗೆ, ಬೆಂಚಿನ ಮೇಲೆ, ಮುದಕಪ್ಪ ಬಲಗೈಯನ್ನು ಎದೆಗವಚಿಕೊಂಡು ಕೂತಿದ್ದ. ಕೈತುಂಬ ಬ್ಯಾಂಡೇಜು, ಅದರ ಮೇಲೆ ಅಲ್ಲಲ್ಲಿ ಅಯೋಡಿನ್ ಕಲೆ. ಈ ಬ್ಯಾಂಡೇಜು ಬರೀ ನಾಟಕ ಎಂಬುದು ಇಡೀ ಕಾರ್ಖಾನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಕಟ್ಟಿಕೊಂಡ ಅವನಿಗೆ, ಕಟ್ಟಿಕೋ ಎಂದು ಹೇಳಿಕೊಟ್ಟ ಪ್ರಸನ್ನನಿಗೆ.

ಪ್ರಸನ್ನ ಅಲ್ಲಿಯ ಸೇಫ್ಟಿ ಎಂಜಿನಿಯರ್. ಕೂತರೆ ನಿಲ್ಲಬೇಕು, ನಿಂತರೆ ಓಡಬೇಕು ಅನ್ನಿಸುತ್ತಿತ್ತು. ಒಳಗಿನಿಂದ ಕರೆ ಇನ್ನೂ ಬಂದಿರಲಿಲ್ಲ. ಸಿಕ್ಕಿಬಿದ್ದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ.

ಜಿಗಣಿಯ ಆ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಅಚ್ಚೊತ್ತುವ ದೊಡ್ಡ ಪ್ರೆಸ್ಸಿಗೆ ಒಂದು ಕೆಟ್ಟ ಚಾಳಿಯಿತ್ತು. ಗುಂಡಿ ಒಂದು ಸಲ ಒತ್ತಿದರೆ ಅದು ಅಪರೂಪಕ್ಕೊಮ್ಮೆ ಎರಡು ಸಲ ಇಳಿಯುತ್ತಿತ್ತು. ತಗಡು ತೆಗೆಯಲು ಕೈ ಹಾಕಿದವನ ಗತಿ ದೇವರಿಗೇ ಪ್ರೀತಿ. ಕೈ ಅಡ್ಡ ಬಂದರೆ ಯಂತ್ರವನ್ನು ಅರ್ಧದಲ್ಲೇ ನಿಲ್ಲಿಸುವ ಹೊಸ ಸೆನ್ಸರ್ ಬೇಕೆಂದು ಪ್ರಸನ್ನ ಅರ್ಜಿಯ ಮೇಲೆ ಅರ್ಜಿ ಹಾಕುತ್ತಲೇ ಬಂದಿದ್ದ. ಮಾರುವವರು ಬಂದು, ಕೈಯ ಬದಲು ಮೂಲಂಗಿ ಇಟ್ಟು ತೋರಿಸಿದ್ದೂ ಆಯಿತು. ಮೂಲಂಗಿ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೈಲು ಮಾತ್ರ ಹೋದಷ್ಟೇ ಸಲೀಸಾಗಿ ವಾಪಸು ಬಂತು.

ಹೊಸದೇನಾದರೂ ಬೇಕೆಂದರೆ, ಅದು ಇಲ್ಲದ್ದರಿಂದ ಆದ ಹಾನಿ ತೋರಿಸಬೇಕು. ಅದು ಕಂಪನಿಯ ಪದ್ಧತಿ. ಪ್ಲಾಂಟ್ ಹೆಡ್ ಭಾನುಪ್ರಕಾಶ್ ಪ್ರತಿಸಲವೂ ಅದನ್ನೇ ಕೇಳುತ್ತಿದ್ದರು.

“ಆ ಪ್ರೆಸ್ಸಲ್ಲಿ ಇಲ್ಲೀವರೆಗೆ ಎಷ್ಟು ಆಕ್ಸಿಡೆಂಟ್ ಆಗಿದೆ?”

“ಒಂದೂ ಇಲ್ಲ ಸಾರ್. ಆದ್ರೆ...”

“ಮತ್ಯಾಕ್ರೀ ಬೇಕು?”

ಅಪಘಾತವಿಲ್ಲದ ದಿನಗಳನ್ನು ಎಣಿಸುವ ಬೋರ್ಡು ಗೇಟಿನ ಪಕ್ಕದಲ್ಲೇ ಇತ್ತು. ಬಂದ ಅತಿಥಿಗಳನ್ನು ಭಾನುಪ್ರಕಾಶ್ ಮೊದಲು ಅದರ ಮುಂದೆ ನಿಲ್ಲಿಸುತ್ತಿದ್ದರು. ಯಾರದಾದರೂ ಕೈ ಹೋಗುವ ತನಕ ಕಾಯಬೇಕು, ಇಲ್ಲವೇ ಒಂದು ಸುಳ್ಳು ಹೇಳಬೇಕು. ಕಾಯುವುದು ಪ್ರಸನ್ನನಿಂದ ಆಗಲಿಲ್ಲ.

ಮುದಕಪ್ಪ ಕುಷ್ಟಗಿ ಕಡೆಯವನು, ಗುತ್ತಿಗೆ ಕೆಲಸಗಾರ. ಮೊದಲು ಅದೇ ಪ್ರೆಸ್ಸಿನ ಮೇಲಿದ್ದ. ನಡುವೆ ಊರಿಗೆ ಹೋಗಿ ಕೆಲವು ತಿಂಗಳು ಅಲ್ಲೇ ಉಳಿದ. ವಾಪಸು ಬಂದವನು ಪ್ರೆಸ್ಸಿನ ಹತ್ತಿರ ಹೋಗದೆ, ಉಳಿದ ಟ್ರಾಲಿಯವರಂತೆ ಎಣ್ಣೆ ಮೆತ್ತಿದ ಕೈಗವಸು ತೊಟ್ಟು ಟ್ರಾಲಿ ತಳ್ಳತೊಡಗಿದ. ಊರಿನ ಊಟ ಮೈಗೆ ಹತ್ತಿ ಸೋಮಾರಿಯಾಗಿದ್ದಾನೆಂದು ಪ್ರಸನ್ನ ಅಂದುಕೊಂಡಿದ್ದ. ಈಗ ಪ್ರೆಸ್ಸಿನ ಮೇಲೆ ಇರುವವನು ಅವನ ತಮ್ಮ ಹನುಮೇಶ. ಅದಕ್ಕೇ ಪ್ರಸನ್ನ ಧೈರ್ಯ ಮಾಡಿ ಮುದಕಪ್ಪನನ್ನು ಪಕ್ಕಕ್ಕೆ ಕರೆದಿದ್ದ.

“ತಮ್ಮನ ಬದಲು ಸ್ವಲ್ಪ ಹೊತ್ತು ಪ್ರೆಸ್ ಮೇಲೆ ನಿಂತಿದ್ದೆ, ಕೈ ಸಿಕ್ಕಾಕ್ಕೊಳ್ತು ಅನ್ಬೇಕು. ಬರೀ ನಾಟಕ. ಆಗುತ್ತಾ?”

ಮುದಕಪ್ಪ ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. “ಎರಡು ಬೆರಳು ಅನ್ನೂಣ್ರಿ,” ಎಂದ.

“ಬ್ಯಾಂಡೇಜ್ ನಾನೇ ಸುತ್ತುತೀನಿ ಬಾ.”

“ಬ್ಯಾಡ್ರಿ ಸಾರ್. ನಾ ಕಟಗೋತೀನಿ.”

ಎರಡು ಬೆರಳು ಮಡಚಿಕೊಂಡಂತೆ ಎಷ್ಟು ಸೊಗಸಾಗಿ ಕಟ್ಟಿಕೊಂಡು ಬಂದಿದ್ದನೆಂದರೆ, ಇವನು ಕಂಪನಿ ನಾಟಕದಲ್ಲಿ ಇರಬೇಕಾದವನು ಎಂದು ಪ್ರಸನ್ನ ಮನಸ್ಸಿನಲ್ಲೇ ಮೆಚ್ಚಿಕೊಂಡ.

ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋದರು.

ಪ್ರಸನ್ನ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ನಿನ್ನೆ, ಪ್ರೆಸ್ ಎರಡು ಸಲ ಇಳಿಯಿತು, ಎರಡು ಬೆರಳು ಸಿಕ್ಕವು. ಮುದಕಪ್ಪ ತಲೆ ತಗ್ಗಿಸಿ ನಿಂತಿದ್ದ. ಭಾನುಪ್ರಕಾಶ್ ಒಮ್ಮೆ ಅವನನ್ನು, ಒಮ್ಮೆ ಪ್ರಸನ್ನನನ್ನು ನೋಡಿದರು.

“ಎರಡು ವರ್ಷದಿಂದ ಸೆನ್ಸರ್ ಸೆನ್ಸರ್ ಅಂತಿದ್ರಿ. ಮೀಟಿಂಗ್ ಹಿಂದಿನ ದಿನವೇ ಸರಿಯಾಗಿ ಆಕ್ಸಿಡೆಂಟ್ ಆಗ್ಬಿಡ್ತಾ?”

ಪ್ರಸನ್ನ ಫೈಲನ್ನು ಅವರ ಮುಂದೆ ಸರಿಸಿದ.

“ಬಿಚ್ಚಪ್ಪಾ ಅದನ್ನ,” ಎಂದರು ಭಾನುಪ್ರಕಾಶ್. “ನಿಜ ಆಗಿದ್ರೆ ಈಗಲೇ ಸೈನ್ ಹಾಕ್ತೀನಿ. ಸುಳ್ಳಾದ್ರೆ ಇಬ್ಬರೂ ಇವತ್ತೇ ಗೇಟ್ ಆಚೆ.”

“ಸಾರ್, ಡಾಕ್ಟ್ರು ಬಿಚ್ಬೇಡಿ ಅಂದಿದಾರೆ...” ಪ್ರಸನ್ನನ ದನಿ ಅವನಿಗೇ ಕೀರಲಾಗಿ ಕೇಳಿಸಿತು.

ಮುದಕಪ್ಪ ಆಗಲೇ ಬಿಚ್ಚುತ್ತಿದ್ದ. ಅವಸರವಿಲ್ಲದೆ, ಸುತ್ತು ಸುತ್ತಾಗಿ. ತಪ್ಪೊಪ್ಪಿಕೊಂಡುಬಿಡೋಣ, ಬಡವನನ್ನಾದರೂ ಉಳಿಸೋಣ ಎಂದು ಪ್ರಸನ್ನ ಬಾಯಿ ತೆರೆಯುವಷ್ಟರಲ್ಲಿ ಬಟ್ಟೆಯ ಕೊನೆಯ ಸುತ್ತು ನೆಲಕ್ಕೆ ಬಿತ್ತು.

ಕೈಯಲ್ಲಿ ಮೂರೇ ಬೆರಳುಗಳಿದ್ದವು.

ಭಾನುಪ್ರಕಾಶ್ ಮುಖ ತಿರುಗಿಸಿದರು. “ಸಾಕು, ಸಾಕು, ಮುಚ್ಕೋ,” ಎಂದವರು ಮತ್ತೆ ಆ ಕಡೆ ನೋಡಲೇ ಇಲ್ಲ. ಫೈಲು ಎಳೆದುಕೊಂಡು ಸಹಿ ಹಾಕಿದರು.

ಹೊರಗೆ ಬರುತ್ತಲೇ ಪ್ರಸನ್ನ ಗೋಡೆಗೆ ಒರಗಿದ. ಇವನು ತಮ್ಮನಿಗಾಗಿ ಬೇಕೆಂದೇ ಕೈಯನ್ನು ಯಂತ್ರದ ಬಾಯಿಗೆ ಕೊಟ್ಟಿದ್ದಾನೆ. ಆ ಪಾಪ ನನ್ನದು.

“ಏನ್ ಮಾಡ್ಕೊಂಡ್ಬಿಟ್ಟೆ ಮಾರಾಯಾ! ನಾಟಕ ಅಂದಿದ್ದೆ ಕಣಯ್ಯಾ ನಾನು, ಬರೀ ನಾಟಕ!” ಎಂದು ಅಳುತ್ತಲೇ ಮುದಕಪ್ಪನ ಕೈ ಹಿಡಿದುಕೊಂಡ.

ಹಿಡಿದ ಮೇಲೆ ಗೊತ್ತಾಯಿತು: ಬೆರಳು ಇರಬೇಕಾದ ಜಾಗದಲ್ಲಿ ರಕ್ತವಿರಲಿಲ್ಲ, ಗಾಯವೂ ಇರಲಿಲ್ಲ. ಚರ್ಮ ಕೂಡಿಕೊಂಡು ನುಣ್ಣಗಾಗಿತ್ತು.

“ಹೋದ ವರ್ಷದ್ದರೀ ಸಾರ್,” ಎಂದ ಮುದಕಪ್ಪ. “ಸುಮ್ಮನ ಊರಿಗೆ ಹೋಗು, ಮಾಯ್ದ ಮ್ಯಾಲ ಬಂದ್ರ ಟ್ರಾಲಿ ಕೆಲಸ ಕೊಡ್ತೀನಿ ಅಂದಿದ್ದ ಗುತ್ತಿಗೆದಾರ.”