ಹಾಡುಗಳ ಫೋಲ್ಡರ್

ಜಾನಪದ ವಿಭಾಗದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಅಂದು ಅದರ ಲಿನಕ್ಸ್ ಡಿಸ್ಕನ್ನು ಓರಣ ಮಾಡಲು ಕುಳಿತ. ಒಂದೊಂದು ಬಗೆಯ ಫೈಲುಗಳಿಗೆ ಸಬ್‌ವಾಲ್ಯೂಮ್ ಎಂಬ ಬೇರೆ ಬೇರೆ ಕೋಣೆ ಮಾಡಿದ. ಹಾಡಿನ ಸಬ್‌ವಾಲ್ಯೂಮನ್ನು ಹಳೆಯ ‘ಹಾಡು’ ಫೋಲ್ಡರಿನ ಜಾಗಕ್ಕೇ ಜೋಡಿಸಿ, ಅಂದರೆ ಮೌಂಟ್ ಮಾಡಿ, ತೆರೆದು ನೋಡಿದರೆ ಒಳಗೆ ಏನೂ ಇರಲಿಲ್ಲ. ಅಜ್ಜಿಯೊಬ್ಬರು ಹಾಡಿದ್ದ ಸೋಬಾನೆ ಪದಗಳಷ್ಟೂ ಮಾಯ.

ಹಿಂದಿನ ಸಂಜೆ ಆ ಫೋಲ್ಡರ್ ತೆರೆದಿದ್ದವಳು ಸಂಶೋಧನಾ ವಿದ್ಯಾರ್ಥಿನಿ. ಅವಳನ್ನು ಎಲ್ಲರೆದುರು ಕರೆದ.

“ಏನಮ್ಮಾ ಡಿಲೀಟ್ ಮಾಡ್ದೆ?”

“ಏನೂ ಮಾಡಿಲ್ಲ ಸರ್. ಕೇಳಿಸ್ಕೊಂಡು ಮುಚ್ಚಿದೆ ಅಷ್ಟೇ.”

“ಹಾಗಾದ್ರೆ ಹಾಡೆಲ್ಲ ತಾವೇ ಎದ್ದು ಹೋದ್ವಾ?”

ಯಾರೋ ನಕ್ಕರು. ಅವಳು ತಲೆ ತಗ್ಗಿಸಿದಳು. “ಕೈತಪ್ಪಿ ಆಗಿದ್ರೂ ಆಗಿರಬಹುದು ಸರ್. ಮತ್ತೆ ರೆಕಾರ್ಡ್ ಮಾಡ್ಕೊಂಡು ಬರ್ತೀನಿ.”

ವಾರ ಕಳೆದು ಬಂದಳು.

“ಅಜ್ಜಿ ಹಾಡಿದ್ರಾ?”

“ಹಾಡಿದ್ರು ಸರ್. ಆದ್ರೆ ಆ ಗಂಟಲು ಈಗಿಲ್ಲ. ಎರಡು ಸಾಲು ಹಾಡೋ ಅಷ್ಟರಲ್ಲಿ ಕೆಮ್ಮು. ತಪ್ಪು ನಂದು ಅಂತ ಕಾಲು ಹಿಡ್ಕೊಂಡು ಹಾಡಿಸ್ದೆ.”

ಅವನು ಕಂಪ್ಯೂಟರಿನತ್ತ ತಿರುಗಿದ. ಹೊಸ ರೆಕಾರ್ಡಿಂಗ್ ಹಾಕುವ ಮುನ್ನ ಸಬ್‌ವಾಲ್ಯೂಮಿನ ಹೆಸರು ಸರಿಪಡಿಸೋಣವೆಂದು ಅದನ್ನು ಅನ್‌ಮೌಂಟ್ ಮಾಡಿ ಆ ಜಾಗದಿಂದ ಬಿಡಿಸಿದ. ಮೇಲೆ ಹಾಸಿದ್ದ ಚಾಪೆ ಎತ್ತಿದ ಹಾಗೆ, ಅಡಿಯಲ್ಲಿದ್ದ ಹಳೆಯ ಫೋಲ್ಡರ್ ಕಾಣಿಸಿತು. ಸೋಬಾನೆ ಪದಗಳೆಲ್ಲ ಇದ್ದಲ್ಲೇ ಇದ್ದವು.

ಅವನು ಕುರ್ಚಿ ಸರಿಸಿ ಪರದೆಗೆ ಮೈ ಅಡ್ಡ ಮಾಡಿ ಕುಳಿತ.

ಅವಳು ಹಿಂದಿನಿಂದಲೇ ಪೆನ್‌ಡ್ರೈವ್ ಚಾಚಿದಳು. “ನೀವೇ ಹಾಕ್ಬಿಡಿ ಸರ್. ನಾನು ಮುಟ್ಟಲ್ಲ.”